ಸ್ಪೆಂಟ್ ವಾಶ್ ಹಾಯಿಸಿದರೆ ಮಣ್ಣಿನ ಪೋಷಕಾಂಶಗಳು ಬಸಿದುಹೋಗುತ್ತವೆಯೇ?

ಮಂಡ್ಯ ಜಿಲ್ಲೆಯ ತಮ್ಮ ಕೆಂಪು ಮರಳುಮಿಶ್ರಿತ ಕಬ್ಬಿನ ಗದ್ದೆಗೆ ಡಿಸ್ಟಿಲರಿಯ ತ್ಯಾಜ್ಯ ದ್ರವವಾದ ಸ್ಪೆಂಟ್ ವಾಶ್ ಹಾಯಿಸಿದರೆ ಮಣ್ಣಿನ ಸತ್ವ ಬಸಿದುಹೋಗುವುದೇ ಎಂದು ತಾವು ಕೇಳಿದ್ದೀರಿ. ಹೋಗುತ್ತದೆ, ಆದರೆ ಮೊದಲು ಹೋಗುವುದು ಸ್ಪೆಂಟ್ ವಾಶ್ ಮೂಲಕ ನಾವು ಹಾಕಿದ ಪೊಟ್ಯಾಷ್ ಅಲ್ಲ, ಮಣ್ಣಿನಲ್ಲಿ ಮೊದಲೇ ಇದ್ದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ.

ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಈ ಕಂದು ದ್ರವದಲ್ಲಿ ಪೊಟ್ಯಾಷ್ ಲೀಟರಿಗೆ ಸುಮಾರು 10 ಗ್ರಾಂ ಇದೆಯೆಂದು ಲೆಕ್ಕ ಹಿಡಿದರೆ, 10,000 ಲೀಟರಿನ ಒಂದು ಟ್ಯಾಂಕರಿನಲ್ಲಿ 100 ಕಿಲೋ, ಅಂದರೆ ಮೂರು ಚೀಲಕ್ಕೂ ಹೆಚ್ಚು ಮ್ಯುರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದಲ್ಲಿರುವಷ್ಟು ಪೊಟ್ಯಾಷ್ ಬಂದಂತಾಯಿತು. ಇಷ್ಟು ಪೊಟ್ಯಾಷಿಯಂ ಒಮ್ಮೆಗೇ ಬಿದ್ದಾಗ ಅದು ಜೇಡಿಕಣಗಳಿಗೆ ಅಂಟಿಕೊಂಡಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಿಡಿಸಿ ತಾನು ಆ ಜಾಗವನ್ನು ಹಿಡಿಯುತ್ತದೆ. ಬಿಡುಗಡೆಯಾದವು ದ್ರವದಲ್ಲಿರುವ ಕ್ಲೋರೈಡ್ ಮತ್ತು ಸಲ್ಫೇಟಿನ ಜೊತೆಗೂಡಿ ನೀರಿನೊಂದಿಗೆ ಕೆಳಗಿಳಿಯುತ್ತವೆ. ಕೆಂಪು ಮಣ್ಣು ತುಂಬಿದ ಪಿವಿಸಿ ಕೊಳವೆಗಳಿಗೆ ಸ್ಪೆಂಟ್ ವಾಶ್ ಹಾಕಿ, ಮೇಲೆ ನೀರು ಬಿಟ್ಟು ಪರೀಕ್ಷಿಸಿದಾಗ ಇದನ್ನೇ ಕಂಡಿದ್ದೇನೆ: ಬಸಿದ ನೀರಿನಲ್ಲಿ ಕ್ಲೋರೈಡ್ ಮತ್ತು ಕ್ಯಾಲ್ಸಿಯಂ ಮೊದಲು ಏರುತ್ತವೆ, ಪೊಟ್ಯಾಷಿಯಂ ಬಹಳ ತಡವಾಗಿ ಬರುತ್ತದೆ. ಸ್ಪೆಂಟ್ ವಾಶಿನಲ್ಲಿಯೂ ಒಂದಿಷ್ಟು ಕ್ಯಾಲ್ಸಿಯಂ ಇರುತ್ತದೆ ನಿಜ, ಆದರೆ ವರ್ಷವರ್ಷವೂ ಹಾಯಿಸಿದ ಹಗುರ ಮಣ್ಣಿನಲ್ಲಿ ಈ ಸಮತೋಲ ಪೊಟ್ಯಾಷಿಯಂ ಕಡೆಗೇ ವಾಲುತ್ತದೆ.

ಸಾರಜನಕದ ನಡೆ ಬೇರೆ. ಸುಲಭವಾಗಿ ಕೊಳೆಯುವ ಇಂಗಾಲ ಹೇರಳವಾಗಿ ಸಿಕ್ಕಿದ್ದರಿಂದ ಸೂಕ್ಷ್ಮಜೀವಿಗಳು ಮೊದಲ ಕೆಲವು ವಾರ ಸಾರಜನಕವನ್ನು ತಮ್ಮಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ಅನಂತರ ಅದು ನೈಟ್ರೇಟಾಗಿ ಹೊರಬರುತ್ತದೆ. ಆಗ ಹೀರಿಕೊಳ್ಳಲು ಬೇರುಗಳಿಲ್ಲದೆ ಮುಂಗಾರಿನ ಜೋರು ಮಳೆ ಸುರಿದರೆ ಅದು ಅಂತರ್ಜಲಕ್ಕೆ ಇಳಿಯುತ್ತದೆ, ಮತ್ತು ಆ ನೀರನ್ನೇ ಕುಡಿಯುವ ಮನೆಗಳಿರುವುದರಿಂದ ನನಗೆ ಅತಿ ಹೆಚ್ಚು ಕಳವಳ ಇದರ ಬಗ್ಗೆಯೇ.

ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಬಸಿಯುವಿಕೆ ಕಡಿಮೆ. ಅಲ್ಲಿ ಲವಣ ಮೇಲ್ಪದರದಲ್ಲೇ ಉಳಿದು ಸವಳಾಗುವ ಅಪಾಯ ಹೆಚ್ಚು.

ಬ್ರೆಜಿಲ್‌ನ ಸಾವೊ ಪೌಲೊ ರಾಜ್ಯದಲ್ಲಿ ಮಣ್ಣಿನ ಧನ ಅಯಾನು ವಿನಿಮಯ ಸಾಮರ್ಥ್ಯದ (ಪೊಟ್ಯಾಷಿಯಂ, ಕ್ಯಾಲ್ಸಿಯಂನಂಥವುಗಳನ್ನು ಮಣ್ಣು ಹಿಡಿದಿಟ್ಟುಕೊಳ್ಳಬಲ್ಲ ಒಟ್ಟು ಶಕ್ತಿಯ) 5% ಅನ್ನು ಪೊಟ್ಯಾಷಿಯಂ ಮೀರದಂತೆ ಸ್ಪೆಂಟ್ ವಾಶಿನ ಪ್ರಮಾಣ ನಿಗದಿಪಡಿಸುವ ನಿಯಮವಿದೆ. ಟ್ಯಾಂಕರ್ ಲೆಕ್ಕಕ್ಕಿಂತ ಮಣ್ಣಿನ ಲೆಕ್ಕ ಮುಖ್ಯವೆನ್ನುವ ಈ ಕ್ರಮ ನನಗೆ ಸರಿಯೆನಿಸುತ್ತದೆ. ಆದ್ದರಿಂದ ಹಾಯಿಸುವ ಮೊದಲು 0–30 ಮತ್ತು 30–60 ಸೆಂಟಿಮೀಟರ್ ಆಳದ ಮಣ್ಣನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ, ಅದೇ ದಿನ ಕೊಳವೆಬಾವಿ ನೀರಿನ ನೈಟ್ರೇಟ್ ಮತ್ತು ಕ್ಲೋರೈಡ್ ಅಳತೆಯನ್ನೂ ಬರೆದಿಟ್ಟುಕೊಳ್ಳಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಪತ್ರವನ್ನು ತೋರಿಸದವರ ಟ್ಯಾಂಕರನ್ನು ಗದ್ದೆಗೆ ಬಿಟ್ಟುಕೊಳ್ಳಬೇಡಿ.