ಮೀನು ಕಚ್ಚಿದಾಗ ಚುಕ್ಕಾಣಿ ಯಾರ ಕೈಯಲ್ಲಿತ್ತು?

ಲೇಖಕಿಯವರಿಗೆ ನಮಸ್ಕಾರ.

‘ಅಲೆಗಳ ಮೇಲೆ ನಾವಿಬ್ಬರು’ ಓದಿದೆವು. ಗಂಡ ಹೆಂಡತಿ ಪುಟ್ಟ ಹಾಯಿದೋಣಿಯಲ್ಲಿ ದಂಡೆಯ ಆಸುಪಾಸಿನಲ್ಲೇ ಸುತ್ತಿ, ಗಾಳ ಬಿಟ್ಟು, ಸಂಜೆಗೆ ಮರಳುವ ವಸ್ತು ಚೆನ್ನಾಗಿದೆ. ಈಗಿರುವ ರೂಪದಲ್ಲಿ ಮಾತ್ರ ಪ್ರಕಟಿಸಲಾರೆವು. ಮೊದಲ ಎರಡು ಪುಟ ಪೂರ್ತಿ ಸೂರ್ಯೋದಯ. ದೋಣಿ ಕಾಣುವುದೇ ಮೂರನೆಯದರಲ್ಲಿ. ಆ ಎರಡನ್ನೂ ತೆಗೆದುಬಿಡಿ, ಯಾರೂ ಹುಡುಕುವುದಿಲ್ಲ.

ದೊಡ್ಡ ಕೊರತೆ ಇರುವುದು ಮೀನು ಸಿಕ್ಕ ಕಡೆ. “ಗಾಳಕ್ಕೆ ಭಾರೀ ಮೀನು ಬಿತ್ತು, ಇಬ್ಬರೂ ಸಂಭ್ರಮದಿಂದ ಎಳೆದುಕೊಂಡೆವು” ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಇಬ್ಬರೂ ಎಳೆದರೆ ಚುಕ್ಕಾಣಿ ಹಿಡಿದವರು ಯಾರು? ಹಾಯಿದೋಣಿಗೆ ಬ್ರೇಕ್ ಇಲ್ಲ. ಹಾಯಿ ತುಂಬಿರುವಷ್ಟು ಹೊತ್ತೂ ಅದು ಓಡುತ್ತದೆ. ಮೀನಿನ ಎಳೆತಕ್ಕೆ ದೋಣಿಯ ವೇಗವೂ ಸೇರಿ ದಾರ ತುಂಡಾಗುತ್ತದೆ, ಇಲ್ಲವೇ ಬಾಯಿ ಹರಿದು ಕೊಕ್ಕೆ ಕಳಚುತ್ತದೆ. ರೀಲಿನ ಡ್ರ್ಯಾಗ್ ಅನ್ನು, ಅಂದರೆ ದಾರ ಬಿಚ್ಚಿಕೊಳ್ಳದಂತೆ ತಡೆಯುವ ಬಿಗಿಯನ್ನು, ದಾರ ತಾಳುವ ತೂಕದ ಕಾಲುಭಾಗಕ್ಕೆ ಇಡಬೇಕು: ಹತ್ತು ಕಿಲೊ ದಾರವಾದರೆ ಎರಡೂವರೆ ಕಿಲೊ ಎಳೆತಕ್ಕೇ ಬಿಚ್ಚಿಕೊಳ್ಳಬೇಕು. ಒಬ್ಬರು ಅದನ್ನು ನೋಡಿಕೊಳ್ಳುವಾಗ ಇನ್ನೊಬ್ಬರು ದೋಣಿಯ ಮೂತಿಯನ್ನು ಗಾಳಿ ಬರುವ ದಿಕ್ಕು ದಾಟಿಸಿ ಆಚೆಗೆ ಹೊರಳಿಸಬೇಕು, ಆದರೆ ಮುಂದಿನ ಹಾಯಿಯ ಹಗ್ಗ ಬಿಚ್ಚಬಾರದು. ಆಗ ಆ ಹಾಯಿಗೆ ಗಾಳಿ ಹಿಂಬದಿಯಿಂದ ಬಡಿಯುತ್ತದೆ. ದೊಡ್ಡ ಹಾಯಿ ಸಡಿಲಿಸಿ, ಚುಕ್ಕಾಣಿಯ ಹಿಡಿಯನ್ನು ಗಾಳಿ ಹೋಗುವ ಕಡೆಗೆ ತಳ್ಳಿ ಕಟ್ಟಿದರೆ ಹಾಯಿ ಒಂದು ಕಡೆಗೆ, ಚುಕ್ಕಾಣಿ ಇನ್ನೊಂದು ಕಡೆಗೆ ಜಗ್ಗಿ, ದೋಣಿ ನಿಂತಂತಾಗಿ ಮೆಲ್ಲಗೆ ತೇಲುತ್ತದೆ. ಮೀನನ್ನು ಗಾಳಿ ಬರುವ ಬದಿಯಿಂದಲೇ ಆಡಿಸಬೇಕು. ಆಚೆ ಬದಿಯಲ್ಲಾದರೆ ದೋಣಿ ದಾರದ ಮೇಲೇ ಸರಿದು ಅದು ಚುಕ್ಕಾಣಿಗೆ ಸುತ್ತಿಕೊಳ್ಳುತ್ತದೆ. ಮೀನೆತ್ತುವ ಕೈಬಲೆ ಮೊದಲೇ ನೀರೊಳಗಿರಲಿ, ಮೀನು ತಲೆ ಮುಂದಾಗಿ ಬರಲಿ. ಬಾಲದ ಕಡೆಯಿಂದ ಬಲೆ ಒಡ್ಡಿದರೆ ಕಡೇ ಗಳಿಗೆಯಲ್ಲಿ ಕೊಸರಿಕೊಂಡು ಹೋಗುತ್ತದೆ.

“ನಮ್ಮಿಬ್ಬರ ಮನಸ್ಸು ಒಂದೇ” ಎಂದು ನಾಲ್ಕು ಕಡೆ ಬರೆದಿದ್ದೀರಿ. ನಾಲ್ಕನ್ನೂ ಹೊಡೆದುಹಾಕಿ, ನಿಮ್ಮ ಯಜಮಾನರು ಬಾಯಿ ತೆರೆಯುವ ಮೊದಲೇ ನೀವು ದೊಡ್ಡ ಹಾಯಿಯ ಹಗ್ಗ ಸಡಿಲಿಸಿದ್ದನ್ನು ಬರೆಯಿರಿ. ಸಡಿಲಿಸಿರಲಿಲ್ಲ, ಜಗಳವೇ ಆಯಿತು ಎನ್ನುವುದಾದರೆ ಇನ್ನೂ ಒಳ್ಳೆಯದು.

ಲಂಗರಿನ ಭಾಗ ಅಪಾಯಕಾರಿ. ಎಂಟು ಮೀಟರ್ ನೀರಿನಲ್ಲಿ ಹತ್ತು ಮೀಟರ್ ಹಗ್ಗ ಬಿಟ್ಟು ಇಬ್ಬರೂ ನಿದ್ದೆ ಹೋದಿರಂತೆ. ನೀರಿನಿಂದ ದೋಣಿಯ ಮೂತಿಗೆ ಒಂದು ಮೀಟರ್, ಉಬ್ಬರಕ್ಕೆ ಏರುವ ಎರಡು ಮೀಟರ್ ಸೇರಿಸಿದರೆ ಹನ್ನೊಂದಾಯಿತು. ಲಂಗರು ನೆಲವನ್ನೇ ಮುಟ್ಟದು. ಒಟ್ಟು ಎತ್ತರದ ಐದು ಪಟ್ಟಾದರೂ ಬೇಕು, ಅಂದರೆ 55 ಮೀಟರ್. ಗಾಳಿ ಜೋರಿದ್ದರೆ ಏಳು ಪಟ್ಟು. ಹಗ್ಗ ಉದ್ದವಿದ್ದಾಗ ಎಳೆತ ಅಡ್ಡಡ್ಡಲಾಗಿ ಬಂದು ಲಂಗರಿನ ಮೊನೆ ನೆಲಕ್ಕೆ ಕಚ್ಚುತ್ತದೆ. ಗಿಡ್ಡವಾದರೆ ಮೇಲಕ್ಕೆ ಕೀಳುತ್ತದೆ. ನೀವು ಬರೆದದ್ದನ್ನು ನಂಬಿ ಯಾರಾದರೂ ಮಲಗಿದರೆ ಎದ್ದಾಗ ಬಂಡೆಯ ಪಕ್ಕದಲ್ಲಿರುತ್ತಾರೆ.

ಇನ್ನು ಸಣ್ಣವು. “ಗಾಳಿಗೆ ನೇರ ಎದುರಾಗಿ ಹಾರಿದೆವು” ಸಾಧ್ಯವಿಲ್ಲ; ಸುಮಾರು 45 ಡಿಗ್ರಿ ಓರೆಯಾಗಿ ಹೊರಳಿ ಹೊರಳಿ ಸಾಗಬೇಕು. ಬಂಗುಡೆ ಹಿಡಿಯಲು ದೋಣಿಗೆ ಏಳು ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗ ಹೆಚ್ಚಾಯಿತು, ಎರಡು-ಮೂರು ಸಾಕು.

ಕಿವಿರು ಕೊಯ್ದು, ರಕ್ತ ಬಸಿದು, ಮೀನನ್ನು ಮಂಜುಗಡ್ಡೆಯೊಳಗೆ ಹೂತಿಟ್ಟ ಪ್ಯಾರಾ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ತಿದ್ದಿದ ಪ್ರತಿ ಒಂದೂವರೆ ಸಾವಿರ ಪದದೊಳಗಿರಲಿ.

— ಸಂಪಾದಕರು