ಹತ್ತಕ್ಕೆ ಹತ್ತು ಕೊಟ್ಟವರ ಐದು ಎಲ್ಲಿದೆ?

ನಿಮ್ಮ ಪ್ರಶ್ನೆ ಇಷ್ಟು: ದೋಷವಿಲ್ಲದ ಗೇಮ್ ಇಲ್ಲವೇ ಇಲ್ಲ, ಆದ್ದರಿಂದ ಯಾವ ವಿಮರ್ಶಕರೂ 10ಕ್ಕೆ 10 ಕೊಡಬಾರದು ಅಂತ ನಿಮ್ಮ ಅಣ್ಣನ ವಾದ. ಕೊಡುವುದೇ ಇಲ್ಲ ಅಂದಮೇಲೆ 10 ಅನ್ನುವ ಅಂಕ ಇಟ್ಟುಕೊಂಡು ಏನು ಮಾಡುವುದು ಅಂತ ನಿಮ್ಮ ವಾದ. ಯಾರದ್ದು ಸರಿ?

ನಿಮ್ಮದೇ ಸರಿ. ಆದರೆ ಅಣ್ಣನ ಅನುಮಾನಕ್ಕೂ ಒಂದು ಕಾರಣ ಇದೆ, ಅದು ಅವರು ಹೇಳುತ್ತಿರುವ ಕಾರಣ ಅಲ್ಲ ಅಷ್ಟೇ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಕೆಲವು ವರ್ಷ ನಾನೂ ಒಂದು ಸಣ್ಣ ಜಾಲತಾಣಕ್ಕೆ ಗೇಮ್ ವಿಮರ್ಶೆ ಬರೆಯುತ್ತಿದ್ದೆ. ಸಂಬಳ ಇಲ್ಲ, ಗೇಮ್ ಮಾತ್ರ ಉಚಿತ. ಒಮ್ಮೆ ಒಂದು ಕಾರ್ ರೇಸ್ ಗೇಮ್‌ಗೆ 6 ಕೊಟ್ಟು ಕಳಿಸಿದೆ. ಕೆಟ್ಟದ್ದೇನಲ್ಲ, ಆಡಿದೆ, ಮುಗಿಸಿದೆ, ಮರೆತೆ. ಸಂಪಾದಕರು ಫೋನ್ ಮಾಡಿದರು. "ಅಂಥಾ ತಪ್ಪೇನಿದೆ ರೀ ಇದರಲ್ಲಿ?" ತಪ್ಪೇನಿಲ್ಲ ಸಾರ್, ವಿಶೇಷವೂ ಏನಿಲ್ಲ ಅಂದೆ. "ತಪ್ಪಿಲ್ಲ ಅಂದಮೇಲೆ ಮಿಕ್ಕ 4 ಅಂಕ ಎಲ್ಲಿ ಹೋಯ್ತು?" ನನ್ನ ಬಾಯಲ್ಲಿ ಮಾತು ಹೊರಡಲಿಲ್ಲ. ವಿಮರ್ಶೆ ಪ್ರಕಟವಾದಾಗ ನೋಡಿದರೆ 7.5 ಆಗಿತ್ತು. ಅದೇ ತಿಂಗಳು ಇನ್ನೊಂದು ಗೇಮ್‌ಗೆ 9 ಕೊಟ್ಟಿದ್ದೆ. ಅದು ಯಾಕೆ ಅಂತ ಯಾರೂ ಕೇಳಲಿಲ್ಲ.

ಅವರದ್ದು ಕಳೆಯುವ ಲೆಕ್ಕ, ನನ್ನದು ಕೂಡುವ ಲೆಕ್ಕ ಅಂತ ಹೊಳೆದದ್ದು ಬಹಳ ತಡವಾಗಿ. ಕಳೆಯುವ ಲೆಕ್ಕದಲ್ಲಿ ಪ್ರತಿ ಗೇಮೂ ಕೈಯಲ್ಲಿ 10 ಹಿಡಿದುಕೊಂಡೇ ಹುಟ್ಟುತ್ತದೆ. ಪ್ರೋಗ್ರಾಮಿನ ದೋಷ, ಅಂದರೆ ಬಗ್, ಕಂಡರೆ ಅರ್ಧ ಅಂಕ ಕಟ್, ಆಟವನ್ನು ನಮಗೆ ತೋರಿಸುವ ಕ್ಯಾಮೆರಾ ಕೈಕೊಟ್ಟರೆ ಇನ್ನರ್ಧ. ಕೂಡುವ ಲೆಕ್ಕದಲ್ಲಿ ಎಲ್ಲವೂ ಬರಿಗೈಲಿ ಬರುತ್ತವೆ, ಏನಾದರೂ ಮಾಡಿ ತೋರಿಸಿದರೆ ಅಂಕ. ಗಣಿತದ ಉತ್ತರಪತ್ರಿಕೆಗೆ ಮೊದಲನೆಯದು ಸರಿ. ತಪ್ಪಿಲ್ಲದಿದ್ದರೆ ನೂರಕ್ಕೆ ನೂರು, ಯಾರೂ ತಕರಾರು ಎತ್ತುವುದಿಲ್ಲ. ಪ್ರಬಂಧಕ್ಕೆ ಅದು ನಡೆಯದು. ಕಾಗುಣಿತದ ಒಂದು ತಪ್ಪೂ ಇಲ್ಲದ ಸಪ್ಪೆ ಪ್ರಬಂಧಕ್ಕೆ ಪೂರ್ತಿ ಅಂಕ ಕೊಡುವ ಮೇಷ್ಟ್ರನ್ನು ನಾನಂತೂ ನೋಡಿಲ್ಲ.

ನಿಮ್ಮ ಅಣ್ಣ ಗೇಮನ್ನು ಗಣಿತದ ಪತ್ರಿಕೆಯ ಹಾಗೆ ತಿದ್ದುತ್ತಿದ್ದಾರೆ. ಆ ದಾರಿಯಲ್ಲಿ ಕೊನೆತನಕ ಹೋದರೆ 10 ಸಿಗುವುದು ಟೆಟ್ರಿಸ್‌ನಂಥವಕ್ಕೆ ಮಾತ್ರ. ಏಳು ಆಕಾರ, ಒಂದು ಬಾವಿ, ತುಂಬಿದ ಸಾಲು ಮಾಯ. ಚಿಕ್ಕದಾಗಿದ್ದಷ್ಟೂ ತಪ್ಪಲು ಜಾಗ ಕಡಿಮೆ. ಊರಗಲದ ಲೋಕ ಕಟ್ಟಲು ಹೊರಟವರು ಎಡವಿಯೇ ಎಡವುತ್ತಾರೆ, ಎಡವಿದ್ದಕ್ಕೆಲ್ಲ ಅಂಕ ಕಳೆಯುತ್ತ ಹೋದರೆ ಸಾಹಸಕ್ಕೆ ದಂಡ ಹಾಕಿದ ಹಾಗೆ.

ಇತಿಹಾಸದಲ್ಲಿ ಪೂರ್ಣಾಂಕ ಪಡೆದ ಗೇಮ್‌ಗಳನ್ನೇ ನೋಡಿ. ಜಪಾನಿನ ಫಾಮಿತ್ಸು ಪತ್ರಿಕೆಯಲ್ಲಿ ನಾಲ್ಕು ಜನ ವಿಮರ್ಶಕರು ತಲಾ 10ಕ್ಕೆ ಅಂಕ ಕೊಡುತ್ತಾರೆ, ಒಟ್ಟು 40. ಪತ್ರಿಕೆ 1986ರಲ್ಲಿ ಶುರುವಾಯಿತು. 40ಕ್ಕೆ 40 ಮೊದಲು ಸಿಕ್ಕಿದ್ದು 1998ರಲ್ಲಿ, ನಿಂಟೆಂಡೊದ 'ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್'ಗೆ. ಹಲವು ವಿಮರ್ಶಕರ ಅಂಕ ಸೇರಿಸಿ 100ಕ್ಕೆ ಸರಾಸರಿ ಕೊಡುವ ಮೆಟಾಕ್ರಿಟಿಕ್ ತಾಣದಲ್ಲಿ ಇವತ್ತಿಗೂ 99 ಅಂಕ ಇಟ್ಟುಕೊಂಡು ಕೂತಿರುವುದು ಅದೇ. ದೋಷ ಇರಲಿಲ್ಲವೆ? ಸೆಕೆಂಡಿಗೆ ಸುಮಾರು 20 ಫ್ರೇಮ್, ಅಂದರೆ 20 ಚಿತ್ರ ಮಾತ್ರ ತೋರಿಸುತ್ತ ತೆವಳುತ್ತಿತ್ತು. ಅದರಲ್ಲಿನ 'ನೀರಿನ ದೇವಾಲಯ' ಅನ್ನುವ ಹಂತದಲ್ಲಿ ಕಬ್ಬಿಣದ ಬೂಟು ಹಾಕಲು ಒಮ್ಮೆ ಆಟ ನಿಲ್ಲಿಸಿ ಮೆನು ತೆರೆಯಬೇಕು, ಬಿಚ್ಚಲು ಮತ್ತೊಮ್ಮೆ, ಹೀಗೆ ಹತ್ತಾರು ಸಲ. 2011ರಲ್ಲಿ ಅದೇ ಗೇಮನ್ನು ಕೈಯಲ್ಲಿ ಹಿಡಿದು ಆಡುವ 3ಡಿಎಸ್ ಯಂತ್ರಕ್ಕೆ ತಂದಾಗ ಆ ಬೂಟನ್ನು ಒಂದೇ ಗುಂಡಿಗೆ ಕಟ್ಟಿಕೊಳ್ಳುವ ವ್ಯವಸ್ಥೆ ಮಾಡಿದರು. ಅಂದರೆ ಮಾಡಿದವರಿಗೇ ಗೊತ್ತಿತ್ತು.

ಹಾಗಾದರೆ ಪೂರ್ಣಾಂಕ ಯಾಕೆ? ಮೂರು ಆಯಾಮದ ಜಾಗದಲ್ಲಿ ಸುತ್ತ ಓಡಾಡುವ ವೈರಿಯ ಮೇಲೆ ಒಂದು ಗುಂಡಿ ಒತ್ತಿ ಕಣ್ಣು ಕೀಲಿಸುವ ಉಪಾಯ ಅದರಲ್ಲಿತ್ತು. ಇವತ್ತು ಕತ್ತಿ ಹಿಡಿದು ಆಡುವ ಯಾವ ಗೇಮ್ ತೆಗೆದರೂ ಅದು ಇದ್ದೇ ಇರುತ್ತದೆ, ಇರುವುದೂ ನಮಗೆ ಗೊತ್ತಾಗುವುದಿಲ್ಲ. 1998ರಲ್ಲಿ ಕೂತವರಿಗೆ ಗೊತ್ತಾಯಿತು. ಬ್ರಿಟನ್ನಿನ ಎಡ್ಜ್ ಪತ್ರಿಕೆಯದ್ದೂ ಇದೇ ಕತೆ. 1993ರಲ್ಲಿ ಶುರುವಾದ ಆ ಪತ್ರಿಕೆ ಮೊದಲ 10 ಕೊಟ್ಟದ್ದು 1996ರಲ್ಲಿ, ಸೂಪರ್ ಮಾರಿಯೊ 64ಕ್ಕೆ. ಅದರ ಕ್ಯಾಮೆರಾ ಗೋಡೆಗೆ ಸಿಕ್ಕಿಕೊಂಡು ಒದ್ದಾಡುತ್ತಿದ್ದದ್ದನ್ನು ಆಡಿದವರು ಮರೆತಿರಲಾರರು. (ಇದೇ ಎಡ್ಜ್, ಅಂಕಗಳ ಅರ್ಥ ಹೇಳಿ ಅಂತ ಪೀಡಿಸಿದವರಿಗೆ ಒಮ್ಮೆ "1 ಅಂದರೆ ಒಂದು, 2 ಅಂದರೆ ಎರಡು" ಅಂತ ಹತ್ತರವರೆಗೂ ಮಗ್ಗಿ ಒಪ್ಪಿಸಿದ ಹಾಗೆ ಅಚ್ಚು ಹಾಕಿತ್ತು. ನನಗೆ ತುಂಬಾ ಹಿಡಿಸಿದ ಉತ್ತರ.)

ನನ್ನ ಸ್ವಂತ 10 ಬೇಕಾದರೆ ಹೇಳುತ್ತೇನೆ: 2005ರ 'ಶ್ಯಾಡೋ ಆಫ್ ದ ಕೊಲೋಸಸ್', ಪ್ಲೇಸ್ಟೇಷನ್ 2ರಲ್ಲಿ. ದೈತ್ಯರು ಮೈ ಕೊಡವಿದಾಗ ಚಿತ್ರ ತಡವರಿಸುತ್ತದೆ. ಕುದುರೆ ಹೇಳಿದ ಮಾತು ಕೇಳುವುದಿಲ್ಲ, ಎಡಕ್ಕೆ ಎಳೆದರೆ ಯೋಚನೆ ಮಾಡಿ ತಿರುಗುತ್ತದೆ. ಹದಿನಾರು ದೈತ್ಯರು, ನಡುವೆ ಖಾಲಿ ಬಯಲು, ಕೊಲ್ಲಲು ಬೇರೆ ಯಾರೂ ಇಲ್ಲ. ಒಬ್ಬೊಬ್ಬ ದೈತ್ಯ ಬಿದ್ದಾಗಲೂ ಗೆದ್ದೆ ಅನಿಸುವುದರ ಬದಲು ಏನೋ ತಪ್ಪು ಮಾಡಿಬಿಟ್ಟೆ ಅನಿಸಿತು. ಅದಕ್ಕೆ 10. ಕುದುರೆಗೆ ಅರ್ಧ ಅಂಕ ಕಳೆಯಲೇ ಅಂತ ಯೋಚಿಸಿದ್ದೂ ಉಂಟು. ಆ ಮೊಂಡುತನದಿಂದಲೇ ಅದು ಕುದುರೆ ಅನಿಸಿದ್ದು ಅಂತ ಬಿಟ್ಟೆ.

ಇಷ್ಟು ನಿಮ್ಮ ಪರವಾಗಿ ಆಯಿತು. ಈಗ ಅಣ್ಣನ ಕಡೆ ಬರೋಣ. ಅವರಿಗೆ 10 ಕಂಡರೆ ನಂಬಿಕೆ ಬರದಿರುವುದಕ್ಕೆ ನಿಜವಾದ ಕಾರಣ 10ರಲ್ಲಿ ಇಲ್ಲ, 5ರಲ್ಲಿ ಇದೆ.

10 ಅಂಕಗಳ ಅಳತೆಗೋಲಿನಲ್ಲಿ ಸಾಧಾರಣ ಗೇಮ್‌ಗೆ ಸಿಗಬೇಕಾದ್ದು 5. ಸಿಗುವುದು 7. ಮೆಟಾಕ್ರಿಟಿಕ್ ಬಣ್ಣ ಹಚ್ಚುವ ಕ್ರಮ ನೋಡಿದರೆ ಇದು ಎಷ್ಟು ಬೇರೂರಿದೆ ಅಂತ ತಿಳಿಯುತ್ತದೆ. ಅಲ್ಲಿ ಸಿನಿಮಾಕ್ಕೆ 61 ಬಂದರೆ ಹಸಿರು, ಅಂದರೆ ಚೆನ್ನಾಗಿದೆ ಅನ್ನುವ ಗುರುತು. ಗೇಮ್‌ಗೆ ಹಸಿರು ಬೇಕಾದರೆ 75 ಬರಬೇಕು. ಒಂದೇ ಮನೆಯಲ್ಲಿ ಎರಡು ತಕ್ಕಡಿ! ಗೇಮ್ ವಿಮರ್ಶಕರ ಅಂಕಗಳು ಮೇಲಕ್ಕೆ ಒತ್ತರಿಸಿಕೊಂಡಿವೆ ಅಂತ ಆ ತಾಣವೇ ಒಪ್ಪಿಕೊಂಡ ಹಾಗಾಯಿತು.

ಹೀಗಾಗಲು ಎಲ್ಲ ಕಾರಣಗಳೂ ಕೆಟ್ಟವಲ್ಲ. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ಗೇಮ್ ಬಂದು ಬೀಳುತ್ತವೆ. ಒಂದು ಪತ್ರಿಕೆ ಅದರಲ್ಲಿ ಕೆಲವು ನೂರನ್ನು ಆರಿಸಿಕೊಂಡರೆ ಹೆಚ್ಚು. ಜೊಳ್ಳು ಜರಡಿಯಲ್ಲೇ ಹೋಗಿರುತ್ತದೆ. ಇನ್ನೊಂದು, ಶಾಲೆಯಲ್ಲಿ ಅಂಕ ನೋಡಿ ಬೆಳೆದ ನಮಗೆಲ್ಲ ನೂರಕ್ಕೆ ಐವತ್ತು ಅಂದರೆ ಅವಮಾನ. ಆದರೆ ದುಡ್ಡಿನ ಕತೆಯೂ ಇದೆ. 2010ರ 'ಫಾಲ್ಔಟ್: ನ್ಯೂ ವೇಗಸ್' ಮಾಡಿದ ಅಬ್ಸಿಡಿಯನ್ ಕಂಪನಿಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಅನ್ನುವ ಒಪ್ಪಂದ ಇತ್ತು, ಬಂದದ್ದು 84 ಅಂತ ಅದರ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಅವೆಲೋನ್ 2012ರಲ್ಲಿ ಹೇಳಿದರು. ಒಂದು ಅಂಕ. ಯಾರೋ ಒಬ್ಬ ವಿಮರ್ಶಕ ತನ್ನ ಪಾಡಿಗೆ 7 ಬರೆದು ಮಲಗಿರುತ್ತಾನೆ, ಅದರ ಬಿಸಿ ಇನ್ನೆಲ್ಲೋ ಇಡೀ ಕಚೇರಿಗೆ ತಟ್ಟುತ್ತದೆ. ಇದು ಗೊತ್ತಿದ್ದೂ 6 ಕೊಡಲು ಕೈ ಬರುತ್ತದೆಯೇ?

ಅಭಿಮಾನಿಗಳ ವಿಷಯ ಚುಟುಕಾಗಿ ಮುಗಿಸುತ್ತೇನೆ, ಯಾಕೆಂದರೆ ಬರೆದರೆ ಸಿಟ್ಟು ಬರುತ್ತದೆ. 2006ರಲ್ಲಿ ಗೇಮ್‌ಸ್ಪಾಟ್ ಅನ್ನುವ ವಿಮರ್ಶೆಯ ತಾಣ ಜೆಲ್ಡಾ ಸರಣಿಯ ಒಂದು ಗೇಮ್‌ಗೆ 8.8 ಕೊಟ್ಟದ್ದಕ್ಕೆ ಜನ ಎಷ್ಟು ಕೂಗಾಡಿದರೆಂದರೆ '8.8' ಅನ್ನುವುದೇ ಒಂದು ತಮಾಷೆಯ ಮಾತಾಗಿ ಉಳಿಯಿತು. 2017ರಲ್ಲಿ ಅದೇ ಸರಣಿಯ 'ಬ್ರೆತ್ ಆಫ್ ದ ವೈಲ್ಡ್'ಗೆ ಒಬ್ಬ ವಿಮರ್ಶಕರು 7 ಕೊಟ್ಟರೆ ಅವರ ತಾಣವನ್ನೇ ದಾಳಿ ಮಾಡಿ ಕೆಡವಿದರು. ಬಹಳ ಜನ ಆಗ ಆ ಗೇಮನ್ನು ಇನ್ನೂ ಆಡಿಯೇ ಇರಲಿಲ್ಲ ಅನ್ನುವುದು ನನ್ನ ಗುಮಾನಿ.

ಹೀಗೆ 5, 6ರ ಜಾಗ ಖಾಲಿಯಾದ ಮೇಲೆ ಎಲ್ಲರೂ 7ರಿಂದ 10ರ ನಡುವೆ ಬಸ್ಸಿನ ಹಿಂಬಾಗಿಲಲ್ಲಿ ನೇತಾಡುವ ಹಾಗೆ ನಿಂತಿದ್ದಾರೆ. ಆ ಇಕ್ಕಟ್ಟಿನಲ್ಲಿ 9ಕ್ಕೂ 10ಕ್ಕೂ ಅಂತರ ಎಷ್ಟು ಅಂತ ಓದುಗನಿಗೆ ಹೇಗೆ ಗೊತ್ತಾಗಬೇಕು? ನಿಮ್ಮ ಅಣ್ಣನಿಗೆ ಮೂಗು ಮುರಿಯುವ ಹಾಗಾಗಿರುವುದು ಇಲ್ಲಿ.

ಇನ್ನೊಂದು ಗೊಂದಲವೂ ಇದರಲ್ಲಿ ಸೇರಿಕೊಂಡಿರಬಹುದು. ಒಬ್ಬರು ಕೊಟ್ಟ 10 ಬೇರೆ, ನೂರು ಜನರ ಸರಾಸರಿಯಾಗಿ ಬಂದ 97 ಬೇರೆ. 2019ರ 'ಡೆತ್ ಸ್ಟ್ರ್ಯಾಂಡಿಂಗ್' ತೆಗೆದುಕೊಳ್ಳಿ. ಫಾಮಿತ್ಸು 40ಕ್ಕೆ 40 ಕೊಟ್ಟಿತು. ಅಮೆರಿಕದ ಐಜಿಎನ್ ತಾಣ 6.8 ಕೊಟ್ಟಿತು. ಪ್ಲೇಸ್ಟೇಷನ್ 4ಕ್ಕೆ ಸರಾಸರಿ 82 ಬಂತು. ಸಾಮಾನು ಹೊತ್ತುಕೊಂಡು ಬೆಟ್ಟ ಹತ್ತಿ ಇಳಿಯುವುದೇ ಅಲ್ಲಿ ಆಟ. ಅದು ಕೆಲವರಿಗೆ ಧ್ಯಾನ, ಕೆಲವರಿಗೆ ಕೂಲಿ. 'ಪರವಾಗಿಲ್ಲ, 82' ಅಂತ ಮನಸ್ಸಿನಲ್ಲಿ ಅಂದುಕೊಂಡವರು ತೀರಾ ಕಡಿಮೆ. ಸರಾಸರಿಯಲ್ಲಿ 97 ಬರಬೇಕಾದರೆ ಯಾರಿಗೂ ಬೇಸರ ಆಗದಿದ್ದರೆ ಸಾಕು. ಒಬ್ಬರ 10ಕ್ಕೆ ಅವರೊಬ್ಬರಿಗೆ ಹುಚ್ಚು ಹಿಡಿಯಬೇಕು. ನಾನು ಗೇಮ್ ಆರಿಸುವಾಗ ಎರಡನೆಯದನ್ನು ನಂಬುತ್ತೇನೆ. ಸ್ಟೀಮ್‌ನ ಶೇಕಡಾ 95 ಅಂತೂ ಅಂಕವೇ ಅಲ್ಲ. ನೂರರಲ್ಲಿ 95 ಜನ ಹೆಬ್ಬೆರಳು ಮೇಲೆತ್ತಿದರು ಅಂತ ಮಾತ್ರ. ಅವರೆಲ್ಲ ಮನಸ್ಸಿನಲ್ಲಿ 7 ಇಟ್ಟುಕೊಂಡೇ ಎತ್ತಿರಬಹುದು.

ಅವಸರದಲ್ಲಿ ಕೊಟ್ಟ ದೊಡ್ಡ ಅಂಕಗಳ ಗತಿ ಏನಾಗುತ್ತದೆ ಅನ್ನುವುದಕ್ಕೆ 2013ರ ಸಿಮ್‌ಸಿಟಿ ಅನ್ನುವ ಊರು ಕಟ್ಟುವ ಗೇಮ್ ಇದೆ. ಬಿಡುಗಡೆಗೆ ಮುಂಚೆ, ಖಾಲಿ ಸರ್ವರ್‌ಗಳಲ್ಲಿ ಆಡಿ ಪಾಲಿಗನ್ ಅನ್ನುವ ತಾಣ 9.5 ಕೊಟ್ಟಿತು. ಬಿಡುಗಡೆಯಾದ ದಿನ ಜನ ಮುಗಿಬಿದ್ದರು, ಸರ್ವರ್‌ಗಳು ಕುಸಿದವು, ಆಗ ಇಂಟರ್ನೆಟ್ ಸಂಪರ್ಕ ಇಲ್ಲದೆ ಆಡಲು ಬಾರದ ಗೇಮ್ ಆಗಿತ್ತು ಅದು. ಅಂಕ 8ಕ್ಕೆ ಇಳಿಯಿತು, ಆಮೇಲೆ 4ಕ್ಕೆ, ಕೊನೆಗೆ ಏರಿ 6.5ಕ್ಕೆ ನಿಂತಿತು. ಕೆಲವರು ಇದನ್ನು ಇಟ್ಟುಕೊಂಡು ನಕ್ಕರು. ನನಗೆ ಅದು ಪ್ರಾಮಾಣಿಕತೆ ಅನಿಸಿತು; ತಪ್ಪಿದ್ದು ಮೊದಲ 9.5ರ ಗಡಿಬಿಡಿಯಲ್ಲಿ. ಅದೇ ತಾಣ 2018ರಲ್ಲಿ ಅಂಕಗಳನ್ನೇ ಕೈಬಿಟ್ಟಿತು.

ಅಂಕವೇ ಬೇಡ ಅನ್ನುವ ವಾದ ಚೆನ್ನಾಗಿ ಕೇಳಿಸುತ್ತದೆ, ನಾನೂ ಒಂದು ಕಾಲಕ್ಕೆ ಅದರ ಕಡೆ ಇದ್ದೆ. ಯೂರೋಗೇಮರ್ ತಾಣ 2015ರಲ್ಲಿ ಅಂಕ ಬಿಟ್ಟು 'ಅತ್ಯಗತ್ಯ', 'ಶಿಫಾರಸು', 'ಬೇಡ' ಅನ್ನುವಂಥ ಮುದ್ರೆ ಒತ್ತತೊಡಗಿತು. ಎಂಟು ವರ್ಷ ಕಳೆದು 2023ರಲ್ಲಿ ಐದು ನಕ್ಷತ್ರಗಳೊಂದಿಗೆ ವಾಪಸ್ ಬಂತು. ಮುದ್ರೆಯೂ ಒಂದು ಬಗೆಯ ಅಂಕವೇ ತಾನೆ, ಅಂಕಿ ಇರಲಿಲ್ಲ ಅಷ್ಟೇ. ಐದು ನಕ್ಷತ್ರ ಮಾತ್ರ ನನಗೆ ಇಷ್ಟ, ಯಾಕೆಂದರೆ ಅಲ್ಲಿ ಮೂರು ಕೊಟ್ಟರೆ ಯಾರೂ ಫೋನ್ ಮಾಡುವುದಿಲ್ಲ.

ಹಾಗಾಗಿ ಅಣ್ಣನ ಹತ್ತಿರ ವಾದ ಮಾಡುವಾಗ 10 ಕೊಡಬೇಕೋ ಬೇಡವೋ ಅಂತ ಹಗ್ಗ ಎಳೆಯಬೇಡಿ. ಅವರು ಯಾವ ವಿಮರ್ಶಕರ 10 ನೋಡಿ ಸಿಟ್ಟಾದರೋ, ಅದೇ ವಿಮರ್ಶಕರ ಹಿಂದಿನ ಬರಹಗಳಲ್ಲಿ 5 ಸಿಕ್ಕ ಗೇಮ್ ಹುಡುಕಲು ಹೇಳಿ. ಪತ್ರಿಕೆಯ 5 ಆಗದು, ಅದೇ ವ್ಯಕ್ತಿಯ 5 ಬೇಕು; ಐಜಿಎನ್ 10ಕ್ಕೆ 'ಮೇರುಕೃತಿ' ಅನ್ನುವ ಹೆಸರು ಇಟ್ಟಿದ್ದರೂ ಅಲ್ಲಿ ಬರೆಯುವ ಕೈಗಳು ಹತ್ತಾರು. 5 ಸಿಕ್ಕಿದರೆ, ಅದರಲ್ಲೂ ದೊಡ್ಡ ಕಂಪನಿಯ ಹೆಸರುವಾಸಿ ಗೇಮ್‌ಗೆ ಸಿಕ್ಕಿದರೆ, ಅವರ 10ಕ್ಕೆ ಬೆಲೆ ಇದೆ. ಹುಡುಕಿ ಹುಡುಕಿ ಸಿಕ್ಕದಿದ್ದರೆ ಅಣ್ಣ ಗೆದ್ದರು ಅಂತ ಒಪ್ಪಿಕೊಂಡುಬಿಡಿ.

ಜಾಲತಾಣಕ್ಕೆ ಬರೆಯುವುದು ಬಿಟ್ಟ ಮೇಲೆ ನಾನು ಆಡಿದ ಗೇಮ್‌ಗಳಿಗೆ ಒಂದು ನೋಟ್‌ಬುಕ್ಕಿನಲ್ಲಿ ಅಂಕ ಬರೆದಿಡುತ್ತೇನೆ. ಹಿಂದೆ ವಿಮರ್ಶೆ ಮಾಡಿದವನ್ನೂ ಹೊಸದಾಗಿ ಸೇರಿಸಿದ್ದೇನೆ. ಮುಗಿಸಿ ಒಂದು ತಿಂಗಳು ಆಗುವವರೆಗೆ ಪೆನ್ನು ಮುಟ್ಟಬಾರದು ಅಂತ ನನಗೆ ನಾನೇ ಹಾಕಿಕೊಂಡ ನಿಯಮ. 10 ಎರಡೇ ಇವೆ. 5ರ ಪುಟ ತುಂಬಿ ಮುಂದಿನದಕ್ಕೆ ಹೋಗಿದೆ. ಅಂದಹಾಗೆ ಆ ಕಾರ್ ರೇಸ್ ಗೇಮ್ ಕೂಡ ಆ ಪುಟದಲ್ಲೇ ಇದೆ. 6 ಕೊಟ್ಟದ್ದೇ ಹೆಚ್ಚಾಗಿತ್ತು.