ದ್ವಿತೀಯಾ ವಿಭಕ್ತಿಯಲ್ಲಿ ಒಂದು ಖಂಡ

ಪ್ರಿಯರೇ,

‘ಆಫ್ರಿಕಾ: ಗಾಯಗೊಂಡ ಖಂಡ’ ಎಂಬ ನಿಮ್ಮ ಲೇಖನ ತಲುಪಿದೆ. ಮೂವತ್ತೆರಡು ಪುಟಗಳನ್ನು ಎರಡು ಸಲ ಓದಿದೆ. ಈಗಿರುವಂತೆ ಅದನ್ನು ಪ್ರಕಟಿಸಲಾರೆ. ‘ವಿಷಾದದಿಂದ ಹಿಂದಿರುಗಿಸಿದ್ದೇವೆ’ ಎಂಬ ಅಚ್ಚಿನ ಚೀಟಿ ಅಂಟಿಸಿ ಕಳಿಸಿಬಿಡಬಹುದಿತ್ತು. ನಿಮ್ಮ ಶ್ರಮವನ್ನೂ ಸಿಟ್ಟನ್ನೂ ನೋಡಿದ ಮೇಲೆ ಅದಕ್ಕೆ ಮನಸ್ಸಾಗಲಿಲ್ಲ.

ಮೊದಲ ಒಂಬತ್ತು ಪುಟ ಭೂಗೋಳ, ನಂತರದ ಹತ್ತು ಪುಟ ಜನಾಂಗಗಳು, ಉಳಿದದ್ದು ಇತಿಹಾಸ. ಪರೀಕ್ಷೆಗೆ ಕೂರುವ ಹುಡುಗರಿಗೆ ಈ ಜೋಡಣೆ ಅನುಕೂಲ. ಆದರೆ ನದಿಗಳೆಲ್ಲ ಒಂದನೇ ಭಾಗದಲ್ಲೇ ಸಮುದ್ರ ಸೇರಿಬಿಟ್ಟರೆ ಮೂರನೇ ಭಾಗಕ್ಕೆ ನೀರು ಎಲ್ಲಿಂದ ಬರಬೇಕು? ಕಾಂಗೋ ನದಿಯ ಉದ್ದ, ಉಪನದಿಗಳು ಎಲ್ಲವನ್ನೂ ಕೊಟ್ಟಿದ್ದೀರಿ. ಕಡಲಿನಿಂದ ಬಂದ ಹಡಗು ಮಟಾಡಿ ಬಂದರಿನಿಂದ ಮೇಲಕ್ಕೆ ಹೋಗಲಾರದು, ಅಲ್ಲಿಂದ ಕಿನ್ಶಾಸಾವರೆಗೆ ಬರಿ ಅಬ್ಬಿಗಳೇ ಎಂಬುದನ್ನು ಬಿಟ್ಟಿದ್ದೀರಿ. ಯುರೋಪಿನವರು ಶತಮಾನಗಳ ಕಾಲ ಕರಾವಳಿಯಲ್ಲೇ ಉಳಿದದ್ದಕ್ಕೆ ಮಲೇರಿಯಾದ ಜೊತೆಗೆ ಇಂಥ ಅಬ್ಬಿಗಳೂ ಕಾರಣ. ಆ ತಡೆಯನ್ನು ದಾಟಲೆಂದೇ 1890ರಿಂದ 1898ರವರೆಗೆ ರೈಲುಹಳಿ ಹಾಕಿಸಿದರು. ಒಳನಾಡಿನ ರಬ್ಬರು, ದಂತ ಎಲ್ಲ ಅದರ ಮೇಲೆ ಬಂದರಿಗಿಳಿದವು. ಕಾಂಗೋದಲ್ಲಿ ಕಾಲೂರದೆಯೇ 1908ರವರೆಗೆ ಅದನ್ನು ಸ್ವಂತ ಜಹಗೀರಿನಂತೆ ಸುಲಿದ ಬೆಲ್ಜಿಯಂ ದೊರೆ ಲಿಯೊಪೋಲ್ಡನ ಬಗ್ಗೆ ನೀವು ಇಪ್ಪತ್ತೇಳನೇ ಪುಟದಲ್ಲಿ ಕಿಡಿ ಕಾರಿದ್ದೀರಿ. ಅವನ ಲೂಟಿಗೂ ನಿಮ್ಮ ಮೂರನೇ ಪುಟದ ನದಿಗೂ ಇರುವ ನಂಟು ಲೇಖನದಲ್ಲಿ ಎಲ್ಲೂ ಕಾಣದು.

ಇದನ್ನು ಕತ್ತರಿ, ಅಂಟು ಹಿಡಿದು ಸರಿಪಡಿಸಬಹುದು. ನನ್ನ ಮುಖ್ಯ ತಕರಾರು ವ್ಯಾಕರಣದ್ದು. ನಗಬೇಡಿ. ಕೆಂಪು ಪೆನ್ಸಿಲ್ ಹಿಡಿದು ಹತ್ತೊಂಬತ್ತನೇ ಶತಮಾನದ ಭಾಗವನ್ನು ಓದುತ್ತಾ ಹೋದೆ. ಆಫ್ರಿಕನ್ನರನ್ನು ಹಿಡಿದರು, ಆಫ್ರಿಕನ್ನರನ್ನು ಮಾರಿದರು, ಆಫ್ರಿಕನ್ನರನ್ನು ಹಂಚಿಕೊಂಡರು, ಕೊನೆಗೆ ಆಫ್ರಿಕನ್ನರನ್ನು ಬಿಟ್ಟು ಹೋದರು. ಎಲ್ಲಿ ನೋಡಿದರೂ ‘ಅನ್ನು’. ಪ್ರಥಮಾ ವಿಭಕ್ತಿಯೆಲ್ಲ ಬಿಳಿಯರ ಪಾಲು. ಅವರು ನೆಲ ಕಿತ್ತುಕೊಂಡರೆಂದು ದೂರುವ ನೀವು ವಾಕ್ಯದಲ್ಲಿ ಕರ್ತೃಪದವನ್ನೂ ಅವರಿಗೇ ಬರೆದುಕೊಟ್ಟಿದ್ದೀರಿ.

ಇಥಿಯೋಪಿಯಾವನ್ನೇ ತೆಗೆದುಕೊಳ್ಳಿ. ನೀವು ಅದಕ್ಕೆ ಕೊಟ್ಟಿರುವುದು ಒಂದೇ ಸಾಲು: ‘ಇಥಿಯೋಪಿಯಾ ಮಾತ್ರ ವಸಾಹತುವಾಗದೆ ಉಳಿಯಿತು.’ ಏನೋ ಮಳೆ ತಪ್ಪಿಸಿಕೊಂಡು ಜಗಲಿಯಲ್ಲಿ ನಿಂತಂತೆ! (ಲೈಬೀರಿಯಾ ಮರೆತಿದ್ದೀರಿ; ಅದಿರಲಿ.) 1889ರಲ್ಲಿ ಅಲ್ಲಿನ ದೊರೆ ಎರಡನೇ ಮೆನೆಲಿಕ್ ಇಟಲಿಯ ಜೊತೆ ವುಚಾಲೆ ಒಪ್ಪಂದಕ್ಕೆ ಸಹಿ ಹಾಕಿದ. ಅದರ ಹದಿನೇಳನೇ ಕಲಮು ಎರಡು ಭಾಷೆಯಲ್ಲಿ ಎರಡು ಬಗೆಯಾಗಿತ್ತು. ಬೇರೆ ರಾಜ್ಯಗಳೊಂದಿಗೆ ವ್ಯವಹರಿಸಲು ಇಥಿಯೋಪಿಯಾದ ದೊರೆ ಇಟಲಿಯ ನೆರವು ಪಡೆಯಬಹುದು ಎಂದಿತ್ತು ಅಮ್ಹಾರಿಕ್ ಪಠ್ಯ. ಇಟಲಿಯವರು ತಮ್ಮ ಪಠ್ಯದಲ್ಲಿ ಅದನ್ನು ‘ಪಡೆಯಬೇಕು’ ಎಂದು ಓದಿ, ಇಥಿಯೋಪಿಯಾ ತಮ್ಮ ರಕ್ಷಣೆಗೆ ಒಳಪಟ್ಟ ರಾಜ್ಯವೆಂದು ಯುರೋಪಿಗೆಲ್ಲ ಸಾರಿದರು. ಒಂದು ‘ಬಹುದು’, ಒಂದು ‘ಬೇಕು’. ನಡುವೆ ಒಂದು ದೇಶದ ಸ್ವಾತಂತ್ರ್ಯ. ಮೆನೆಲಿಕ್ ಆ ಅರ್ಥವನ್ನು ತಳ್ಳಿಹಾಕಿದ, 1893ರಲ್ಲಿ ಒಪ್ಪಂದವನ್ನೇ ಕೈಬಿಟ್ಟ, ಬಂದೂಕು ಕೂಡಿಹಾಕಿದ, ಬೇರೆ ಬೇರೆ ಪ್ರಾಂತಗಳ ಒಡೆಯರನ್ನು ಒಂದೇ ದಂಡಿಗೆ ಸೇರಿಸಿದ. ರಾಣಿ ತಾಯ್ತು ತಾನೂ ದಂಡಿನ ಜೊತೆ ಹೊರಟಳು. 1896ರ ಮಾರ್ಚ್ 1ರಂದು ಅಡ್ವಾದ ಬೆಟ್ಟಗಳ ನಡುವೆ ಇಟಲಿಯ ಸೇನೆ ಮುರಿದುಬಿತ್ತು. ಹಾಕಿದ, ಬಿಟ್ಟ, ಸೇರಿಸಿದ, ಹೊರಟಳು: ಈ ಕ್ರಿಯಾಪದಗಳು ನಿಮ್ಮ ಲೇಖನಕ್ಕೆ ಬೇಕು.

ಇನ್ನು ಆಫ್ರಿಕಾದ ವಿಚಾರಕ್ಕೆ ಯುರೋಪಿನ ರಾಜ್ಯಗಳು ಸೇರಿದ ಬರ್ಲಿನ್ ಸಮ್ಮೇಳನ. 1884–85ರಲ್ಲಿ ಮೇಜಿನ ಮೇಲೆ ನಕಾಶೆ ಹರಡಿ, ಅಳತೆಪಟ್ಟಿ ಹಿಡಿದು ಖಂಡವನ್ನು ಕುಯ್ದರು ಎಂಬ ನಿಮ್ಮ ಚಿತ್ರ ನಾಟಕಕ್ಕೆ ಚೆನ್ನ. ಸಮ್ಮೇಳನದಲ್ಲಿ ಒಬ್ಬ ಆಫ್ರಿಕನ್ ಪ್ರತಿನಿಧಿಯೂ ಇರಲಿಲ್ಲ ಎಂಬುದು ನಿಜ. ಅಲ್ಲಿ ತೀರ್ಮಾನವಾದದ್ದು ಮುಖ್ಯವಾಗಿ ಕಾಂಗೋ, ನೈಜರ್ ನದಿಗಳ ವ್ಯಾಪಾರ, ಸಂಚಾರ ಮತ್ತು ಕರಾವಳಿಯನ್ನು ಹೊಸದಾಗಿ ಆಕ್ರಮಿಸುವವರು ಪಾಲಿಸಬೇಕಾದ ನಿಯಮಗಳು. ಹೆಚ್ಚಿನ ಗಡಿಗಳು ಆಮೇಲೆ, ಇಬ್ಬಿಬ್ಬರು ಕೂತು ಮಾಡಿಕೊಂಡ ಒಪ್ಪಂದಗಳಲ್ಲಿ ಹುಟ್ಟಿದವು. ನಮೀಬಿಯಾದ ಈಶಾನ್ಯಕ್ಕೆ ಬಾಲದಂತೆ ಚಾಚಿರುವ ಕ್ಯಾಪ್ರಿವಿ ಪಟ್ಟಿ ನೋಡಿ. ಆಗ ನಮೀಬಿಯಾವನ್ನು ಆಳುತ್ತಿದ್ದ ಜರ್ಮನಿ 1890ರಲ್ಲಿ ಬ್ರಿಟನ್ನಿನಿಂದ ಅದನ್ನು ಪಡೆದದ್ದು ಜಾಂಬೆಜಿ ನದಿಯನ್ನು ಮುಟ್ಟಲು. ಅದರ ಮೂಲಕ ಪೂರ್ವದ ಕಡಲಿಗೆ ದಾರಿ ಸಿಗುತ್ತದೆಂಬ ಆಸೆ. ಸ್ವಲ್ಪ ಕೆಳಗೆ ಅದೇ ನದಿ ನೂರು ಮೀಟರಿಗೂ ಹೆಚ್ಚು ಆಳಕ್ಕೆ ಧುಮುಕುತ್ತದೆ. ಲೋಕ ಅದನ್ನು ವಿಕ್ಟೋರಿಯಾ ಜಲಪಾತವೆನ್ನುತ್ತದೆ. ಅಲ್ಲಿನವರ ಹೆಸರು ಮೋಸಿ-ಓವಾ-ಟುನ್ಯಾ, ಗುಡುಗುವ ಹೊಗೆ. ದಾರಿ ಸಿಗಲಿಲ್ಲ. ಗಡಿ ಮಾತ್ರ ಉಳಿಯಿತು, 1999ರಲ್ಲಿ ಪ್ರತ್ಯೇಕತೆಯ ಬಂಡಾಯವೊಂದನ್ನೂ ಕಂಡಿತು. ಭೂಗೋಳ, ಜನ, ಇತಿಹಾಸ ಮೂರೂ ಒಂದೇ ಕಡೆ ಸಿಗುವ ಇಂಥ ಜಾಗವನ್ನು ಬಿಟ್ಟು ಐವತ್ತನಾಲ್ಕು ದೇಶಗಳ ರಾಜಧಾನಿಗಳನ್ನು ಪಟ್ಟಿ ಮಾಡಿದ್ದೀರಲ್ಲ!

ಕೊನೆಯ ಪುಟದಲ್ಲಿ ‘ದೂರದ ಆಫ್ರಿಕಾಕ್ಕೂ ನಮಗೂ ಏನು ಸಂಬಂಧ’ ಎಂದು ಕೇಳಿ, ಮಾನವೀಯತೆ ಎಂದು ಉತ್ತರಿಸಿದ್ದೀರಿ. ನೀವು ಮಂಡ್ಯದ ಕಡೆಯವರಂತೆ. ನಿಮ್ಮ ಮನೆಯ ಮುದ್ದೆಯ ರಾಗಿಯನ್ನು ಮೊದಲು ಕಾಡುಹುಲ್ಲಿನಿಂದ ಬೆಳೆಯಾಗಿ ಪಳಗಿಸಿದವರು ಪೂರ್ವ ಆಫ್ರಿಕಾದ ಎತ್ತರದ ನೆಲದ ರೈತರು. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಅವರ ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರ ಗೋವೆಯಲ್ಲಿ ಗುಲಾಮರಾಗಿದ್ದವರು. ನಿಮ್ಮ ಪ್ರಶ್ನೆಗೆ ಇಷ್ಟು ಸಾಲದೇ?

ಹನ್ನೆರಡು ಪುಟ ಮೀರದಂತೆ ಮತ್ತೆ ಬರೆಯಿರಿ. ವುಚಾಲೆಯಿಂದಲೋ ಕ್ಯಾಪ್ರಿವಿಯಿಂದಲೋ ಶುರು ಮಾಡಿ. ‘ಕತ್ತಲೆಯ ಖಂಡ’ ಎಂಬ ಮಾತು ಐದು ಕಡೆ ಬಂದಿದೆ, ಹೊಡೆದುಹಾಕಿದ್ದೇನೆ. ನೀವೇ ಬಿಡಿಸಿದ ನಕಾಶೆಯನ್ನೂ ಇದರೊಂದಿಗೆ ಇಟ್ಟಿದ್ದೇನೆ, ಕೈ ಚೆನ್ನಾಗಿದೆ. ಆದರೆ ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿದೆ. ಧ್ರುವಗಳ ಕಡೆಯ ನೆಲವನ್ನು ಹಿಗ್ಗಿಸಿ ತೋರಿಸುವ ಮರ್ಕೇಟರ್ ನಕಾಶೆ ನೋಡಿ ಬಿಡಿಸಿದ್ದೀರಿ. ನಿಜವಾಗಿ ಆಫ್ರಿಕಾ ಅದರ ಸುಮಾರು ಹದಿನಾಲ್ಕು ಪಟ್ಟು. ಮತ್ತೆ ಬಿಡಿಸುವಾಗ ನಮೀಬಿಯಾದ ಆ ಬಾಲವನ್ನು ಮರೆಯಬೇಡಿ, ಈ ಸಲ ಬಿಟ್ಟುಹೋಗಿದೆ.

ಇತಿ,
ಸಂಪಾದಕ